ಬುಗ್ನಾಯ್ ಬಹಳ ದೂರ

ಎಡಕ್ಕೆ ತಿರುಗಬೇಕಾದ ಕಡೆ ಊರ ಮುಖಂಡ ಕಪಿತಾನ್ ಎಮಿಟೆರಿಯೊ ಬಲಕ್ಕೆ ತಿರುಗಿದ. ಎಡಕ್ಕೆ ಹೋಗಿದ್ದರೆ ಹಳ್ಳದ ದಂಡೆ ಹಿಡಿದು ನಲವತ್ತು ನಿಮಿಷಕ್ಕೆ ಅವನ ಊರು ಬುಗ್ನಾಯ್ ಸಿಗುತ್ತಿತ್ತು. ಆ ದಾರಿಯ ಬಾಯಿಗೆ ಹಿಂದಿನ ದಿನವೇ ಪೈನ್ ಕೊಂಬೆಗಳನ್ನು ಕಡಿಸಿ ಅಡ್ಡ ಹಾಕಿಸಿದ್ದ. ಬಲಕ್ಕೆ ಮೂರು ಗುಡ್ಡ, ಐದು ಗಂಟೆ.

"ಇರೋದು ಇದೊಂದೇ ದಾರಿ ಮೇಡಂ," ಎಂದ.

ಹಿಂದೆ ಬರುತ್ತಿದ್ದ ಹೆಂಗಸು ತಲೆಯಾಡಿಸಿದಳು. ಬೆಳಗಿನ ಏಳು ಗಂಟೆಯ ಜೀಪ್ನಿ ಬಸ್ಸಿನಿಂದ ಇಳಿದವಳು ಅವಳೊಬ್ಬಳೇ. ಬಿಳಿ ಬೂಟು, ಹೆಗಲಲ್ಲಿ ಭಾರದ ಚೀಲ, ಚೀಲದಿಂದ ಇಣುಕುವ ಅಳತೆಯ ಟೇಪು. ಮುನಿಸಿಪಾಲಿಟಿಯ ಗುಮಾಸ್ತ ಫೋನಿನಲ್ಲಿ, "ನಾಳೆ ಆಫೀಸಿಂದ ಜನ ಬರ್ತಾರೆ, ಕರ್ಕೊಂಡು ಹೋಗಿ," ಎನ್ನುವಷ್ಟರಲ್ಲಿ ಸಿಗ್ನಲ್ ಹೋಗಿತ್ತು. ಟೇಪು ಕಂಡ ಮೇಲೆ ಇನ್ನು ಕೇಳುವುದೇನು? ಅಧಿಕಾರಿಯನ್ನು ನಿಲ್ಲಿಸಿ 'ನೀವ್ಯಾರು' ಎನ್ನಲು ಅವನೇನು ನಿನ್ನೆ ಮೊನ್ನೆ ಊರ ಮುಖಂಡನಾದವನಲ್ಲ. ಮೂರು ಚುನಾವಣೆ ಗೆದ್ದವನು.

ವಿಷಯ ಸಣ್ಣದಲ್ಲ. ರಸ್ತೆಯಿಂದ ನಾಲ್ಕು ಗಂಟೆಗೂ ಹೆಚ್ಚು ನಡೆಯಬೇಕಾದ ಊರಿಗೆ ಮುನಿಸಿಪಾಲಿಟಿ 'ದುರ್ಗಮ ಹಳ್ಳಿ' ಎಂಬ ಪಟ್ಟ ಕೊಡುತ್ತಿತ್ತು. ಪಟ್ಟದ ಜೊತೆಗೆ ಒಂದು ತೂಗುಸೇತುವೆ, ಹೆರಿಗೆ ಮಾಡಿಸಲು ಒಬ್ಬ ನರ್ಸ್. ಸೇತುವೆಯ ಮೇಲೆ ಕಪಿತಾನ್ ತನ್ನ ಹೆಸರು ಬರೆಸಿಕೊಳ್ಳಬಹುದು. ಜೀಪ್ನಿ ತಂಗುದಾಣದ ಮೇಲೆ ಆಗಲೇ ಬರೆಸಿದ್ದ. ಅಲ್ಲಿ ಕೂರುವ ಬೆಂಚಿಗಿಂತ ಅವನ ಹೆಸರೇ ಉದ್ದ.

ಆದರೆ ನರ್ಸ್ ಮಾತ್ರ ನಿಜವಾಗಿಯೂ ಬೇಕಾಗಿತ್ತು. ಮಗಳು ಬೆನಿಟಾಗೆ ದಿನ ತುಂಬುತ್ತಿತ್ತು. ಆಸ್ಪತ್ರೆಗೆ ಜೀಪ್ನಿಯಲ್ಲಿ ಅರ್ಧ ದಿನದ ದಾರಿ, ಮೊದಲ ಸಲ ಮಗು ಆ ಜೀಪ್ನಿಯಲ್ಲೇ ತೀರಿಹೋಗಿತ್ತು. ನರ್ಸ್ ಕೊಡಿ ಎಂದು ಕಪಿತಾನ್ ಮೂರು ವರ್ಷ ಅರ್ಜಿ ಬರೆದು ಉತ್ತರ ಕಾಣದೆ, ಈ ಪಟ್ಟದ ಬೆನ್ನು ಹತ್ತಿದ್ದ.

ಬುಗ್ನಾಯ್ ಜನರಿಗೆ ಒಂದು ಚಾಳಿ. ದಾರಿ ಕೇಳಿದವರಿಗೆ ತುಟಿ ಮುಂದೆ ಚಾಚಿ ದಿಕ್ಕು ತೋರಿಸಿ, "ಇಲ್ಲೇ, ಹತ್ರ," ಎನ್ನುತ್ತಾರೆ. ಇಡೀ ದಿನದ ನಡಿಗೆಯಾದರೂ ಅಷ್ಟೇ. ನಡೆಯುವವರ ಎದೆಗುಂದಿಸಬಾರದು ಎಂಬುದು ಅಲ್ಲಿನ ಮರ್ಯಾದೆ. ಕಪಿತಾನ್ ಒಂದು ವಾರ ಎಲ್ಲರನ್ನೂ ಚರ್ಚಿನ ಅಂಗಳದಲ್ಲಿ ನಿಲ್ಲಿಸಿ ಪಾಠ ಒಪ್ಪಿಸಿಕೊಂಡಿದ್ದ: "ಯಾರೇ ಕೇಳಿದ್ರೂ ದೂರ ಅನ್ನಿ. ತುಟಿ ಒಳಗಿಟ್ಕೊಳ್ಳಿ."

ಮೊದಲ ಗುಡ್ಡದ ನೆತ್ತಿಯಲ್ಲಿ ಹೆಂಗಸು ಏದುಸಿರು ಬಿಡುತ್ತಾ ನಿಂತಳು.

"ದಿನಾ ಹೀಗೇ ಹತ್ತಿ ಇಳೀತೀರಾ?"

"ದಿನಾ ಮೇಡಂ. ಜಿಗಣೆ ಕಚ್ಚಿಸ್ಕೊಂಡೇ. ಮಳೆ ಬಂದ್ರೆ ಗುಡ್ಡ ಜರಿಯುತ್ತೆ. ಹೋದ ವರ್ಷ ನಮ್ಮ ಎಮ್ಮೆ ಹೋಯ್ತು."

ಎಮ್ಮೆ ಹೋದದ್ದು ಸುಳ್ಳಲ್ಲ. ಹೋದದ್ದು ಮದುವೆಯ ಊಟಕ್ಕೆ.

"ಕತ್ತಲಾದ್ಮೇಲೆ?"

"ಕತ್ತಲಾದ್ರೂ ಇದೇ ಗತಿ. ಕೈಲಿ ಟಾರ್ಚು, ಬಾಯಲ್ಲಿ ದೇವರು."

"ಊರಲ್ಲಿ ಈಗ ಬಸುರಿಯರು ಎಷ್ಟು ಜನ?"

ಇದ್ದವರು ನಾಲ್ವರು. ಫಾರಂ ತುಂಬಿದಷ್ಟೂ ಲಾಭವೆಂದು ಕಪಿತಾನ್ ಲೆಕ್ಕ ಹಾಕಿದ. "ಹನ್ನೊಂದು," ಎಂದ. ಆಮೇಲೆ ನಯವಾಗಿ ಕೇಳಿದ: "ಎಲ್ಲಾ ಆ ಟೇಪಲ್ಲೇ ಅಳೀತೀರಾ ಮೇಡಂ?"

"ಮತ್ತೆ? ಮೊದಲು ಅಳತೆ, ಮಿಕ್ಕಿದ್ದೆಲ್ಲ ಆಮೇಲೆ."

ಎಷ್ಟು ಕಟ್ಟುನಿಟ್ಟು ಎಂದು ಅವನಿಗೆ ಮೆಚ್ಚಿಗೆಯಾಯಿತು. ಎರಡನೆಯ ಗುಡ್ಡಕ್ಕೆ ಇನ್ನಷ್ಟು ಸುತ್ತು ಬಳಸಿ ಕರೆದೊಯ್ದ.

ಅಲ್ಲಿ ಗೆಣಸಿನ ಬುಟ್ಟಿ ಹೊತ್ತ ಮುದುಕ ತೊಮಿನೊ ಎದುರಾದ. ಪೇಟೆಗೆ ಇಳಿಯುವವನನ್ನು ಕಪಿತಾನನೇ ಈ ದಾರಿಯಲ್ಲಿ ನಿಲ್ಲಿಸಿದ್ದ.

"ಅಜ್ಜಾ, ಊರು ಇನ್ನೆಷ್ಟು ದೂರ?" ಎಂದಳು ಹೆಂಗಸು.

ಮುದುಕನ ತುಟಿ ತಾನಾಗಿ ಮುಂದೆ ಬರತೊಡಗಿತು. ಕಪಿತಾನ್ ಕಣ್ಣು ಕೆಂಪಗೆ ಮಾಡಿದ. ತುಟಿ ಒಳಗೆ ಸರಿಯಿತು.

"ದೂರ ಮಗಳೇ. ಬಹಳ ದೂರ. ನಾನು ಹೊರಟಾಗ ಮೀಸೆ ಇನ್ನೂ ಕಪ್ಪಗಿತ್ತು."

ಹೆಂಗಸು ಕಲ್ಲಿನ ಮೇಲೆ ಕುಸಿದು ಬೂಟು ಬಿಚ್ಚಿದಳು. ಜಿಗಣೆ ಕಚ್ಚಿ ಕಾಲುಚೀಲ ರಕ್ತವಾಗಿತ್ತು. ಬಹಳ ಹೊತ್ತು ಮುಂದಿನ ಗುಡ್ಡವನ್ನೇ ನೋಡುತ್ತಿದ್ದವಳು ಚೀಲದಿಂದ ಹಾಳೆ ತೆಗೆದಳು, ತೊಡೆಯ ಮೇಲಿಟ್ಟುಕೊಂಡು ಏನೋ ಬರೆದಳು, ಲಕೋಟೆಗೆ ಹಾಕಿ ಅಂಟಿಸಿದಳು.

"ಇದನ್ನ ಮುನಿಸಿಪಾಲಿಟಿಗೆ ನೀವೇ ಮುಟ್ಟಿಸಿ ಕಪಿತಾನ್. ನಾನು ನೋಡಿದ್ದು ಸಾಕು. ಈ ಅಜ್ಜನ ಜೊತೆ ಇಳಿದುಬಿಡ್ತೀನಿ."

"ಬಹಳ ದೂರ ಅಂತ ಬರೆದಿದ್ದೀರಿ ತಾನೆ ಮೇಡಂ?"

"ಬರೆದಿರೋದೇ ಅದು," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಕಷ್ಟ ಕಂಡು ಕರಗುವ ಅಧಿಕಾರಿಗಳೂ ಇದ್ದಾರಲ್ಲ ಎಂದು ಕಪಿತಾನನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅವರು ಮರೆಯಾದದ್ದೇ ತಡ, ಅವನು ಮೇಕೆಗಳ ಒಳದಾರಿ ಹಿಡಿದು ಸಿಳ್ಳೆ ಹಾಕುತ್ತಾ ಅರ್ಧ ಗಂಟೆಯಲ್ಲಿ ಮನೆ ಸೇರಿದ. ಅಂಗಳದಲ್ಲಿ ಕೋಳಿಯ ಪುಕ್ಕ ಬಿದ್ದಿತ್ತು. ಹೆಂಡತಿ ತಿಯೊದೊರಾ ತಟ್ಟೆ ತೊಳೆಯುತ್ತಿದ್ದಳು.

"ಅಳತೆಯೋರು ಊಟ ಮುಗಿಸಿ ಈಗಷ್ಟೇ ಹೋದ್ರು," ಎಂದಳು.

"ಯಾವ ಅಳತೆಯೋರು?"

"ಮುನಿಸಿಪಾಲಿಟಿಯೋರು. ರಸ್ತೆವರೆಗೂ ಬೈಕಲ್ಲಿ ಬಂದು, ಹಳ್ಳದ ದಾರೀಲಿ ನಡ್ಕೊಂಡು ಬಂದ್ರು. ನಲವತ್ತು ನಿಮಿಷ ಅಂತ ಬರ್ಕೊಂಡ್ರು."

"ಕೊಂಬೆ ಅಡ್ಡ ಇತ್ತಲ್ಲೇ."

"ಇನ್ಬಾಯ್ ಅಜ್ಜಿ ಒಳ್ಳೆ ಸೌದೆ ಅಂತ ಹೊತ್ಕೊಂಡು ಬಂದವ್ಳೆ. ದಾರಿ ಕೇಳಿದ್ದಕ್ಕೆ ತುಟಿ ಚಾಚಿ, ಇಲ್ಲೇ ಹತ್ರ ಅಂದಳಂತೆ. ದೂರ ಅನ್ನೋಕೆ ಅವಳಿಗೆ ಮನಸ್ಸಾಗಲಿಲ್ಲವಂತೆ. ಪಟ್ಟ ಗಿಟ್ಟ ಏನೂ ಸಿಗಲ್ಲ, ಸುಮ್ನಿರಿ."

ಒಳಗಿನ ಕೋಣೆಯಲ್ಲಿ ಬೆನಿಟಾ ಸಣ್ಣಗೆ ನರಳಿದಳು. ತಿಯೊದೊರಾ ಕೈ ಒರೆಸಿಕೊಂಡು ಒಳಗೆ ಓಡಿದಳು.

ಹಾಗಾದರೆ ತಾನು ಗುಡ್ಡ ಹತ್ತಿಸಿದ್ದು ಯಾರನ್ನು? ಕಪಿತಾನ್ ಲಕೋಟೆ ಹರಿದ.

"ಮಾನ್ಯರೇ, ಬುಗ್ನಾಯ್ ಹಳ್ಳಿಗೆ ಹೆರಿಗೆ ನರ್ಸ್ ಆಗಿ ನನ್ನನ್ನು ನೇಮಿಸಿದ ಆದೇಶವನ್ನು ದಯವಿಟ್ಟು ರದ್ದುಮಾಡಿ, ಊರು ಬಹಳ ದೂರ."