ಮಕ್ಕಳಿದ್ದಾರೆ, ನಿಧಾನವಾಗಿ ಚಲಿಸಿ

ದಾನೇಶ್ವರಿ ಹುಟ್ಟಿದ ಮೇಲೆ ನರಗುಂದದಲ್ಲಿ ಯಾರ ಮನೆಯಲ್ಲೂ ತೊಟ್ಟಿಲು ಕಟ್ಟಿರಲಿಲ್ಲ. ಬೇರೆ ಊರುಗಳಲ್ಲೂ ಅಷ್ಟೇ. ಹಾಗಾಗಿ ಅವಳಿಗೆ ಆಟಕ್ಕೆ ಜೊತೆಗಾರರು ಇರಲಿಲ್ಲ, ಬಯ್ಯುವವರು ಮಾತ್ರ ಊರ ತುಂಬ ಇದ್ದರು. ಬರಿಗಾಲಲ್ಲಿ ಹೊರಟರೆ ದರ್ಜಿ ಬಯ್ಯುತ್ತಿದ್ದ, ಐಸ್‌ಕ್ಯಾಂಡಿ ತಿಂದರೆ ಹೂ ಮಾರುವವಳು. ಊರಿಗೆಲ್ಲ ಬಯ್ಯಲು ಅವಳೊಬ್ಬಳೇ ಸಿಕ್ಕಿದ್ದಳು. ಸರದಿ ಹಚ್ಚಿ, ಆಸೆಪಟ್ಟು ಬಯ್ಯುತ್ತಿದ್ದರು. ದೊಡ್ಡವಳಾದರೆ ಈ ಕಾಟ ತಪ್ಪುತ್ತದೆಂದು ಅವಳು ದಿನ ಎಣಿಸಿದ್ದಳು.

ಇವತ್ತು ಹದಿನೆಂಟು ತುಂಬಿತು. ತಾಲ್ಲೂಕು ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ವಯಸ್ಕಳೆಂಬ ಚೀಟಿ ಹಿಡಿದು ನೇರವಾಗಿ ಶಾಲೆಗೆ ಬಂದಳು. ಜವಾನ ಫಕ್ಕೀರಪ್ಪ ಗೇಟಿನ ಬಳಿ ಏಣಿ ಹತ್ತಿ, 'ಮಕ್ಕಳಿದ್ದಾರೆ, ನಿಧಾನವಾಗಿ ಚಲಿಸಿ' ಎಂಬ ಫಲಕವನ್ನು ಬಿಚ್ಚುತ್ತಿದ್ದ.

"ಕಾಕಾ, ನಾ ಹುಣಸಿಗಿಡ ಹತ್ತಾಕತ್ತೀನಿ!"

ಮೊದಲೆಲ್ಲ ಅವಳು ಕೆಳಗಿನ ಕೊಂಬೆಗೆ ಕಾಲಿಟ್ಟರೆ ಸಾಕು, ಅವನು ಗಂಟೆ ಬಾರಿಸುವ ಕೋಲು ಹಿಡಿದು ಓಡಿ ಬರುತ್ತಿದ್ದ. ಇವತ್ತು ಬರಲಿಲ್ಲ. ಅವಳು ಎಂದೂ ಮುಟ್ಟದ ತುದಿಯ ಕೊಂಬೆಗೆ ಹೋದಳು. ಅಲ್ಲಿಂದ ಊರಿನ ಓಣಿಗಳೆಲ್ಲ ಕಾಣುತ್ತಿದ್ದವು. ಎಲ್ಲ ಕಡೆ ಬರೀ ದೊಡ್ಡವರು. ಕೊಂಬೆ ಬಾಗಿ ಲಟಕ್ಕೆಂದಿತು.

"ಕಾಕಾ, ಬೀಳ್ತೀನಿ ನೋಡು! ಬೈ ಕಾಕಾ!"

ಫಕ್ಕೀರಪ್ಪ ಕೆಳಗಿಳಿದು, ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ಮೇಲೆ ನೋಡಿದ. ಬಯ್ಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

"ನೀವೀಗ ದೊಡ್ಡವರಾಗೀರಿ" ಎಂದ. "ನಿಮಗ ತಿಳದಂಗ ಮಾಡ್ರಿ."

ಏಣಿಯನ್ನು ತಂದು ಮರಕ್ಕೆ ಒರಗಿಸಿಟ್ಟು, ತಿರುಗಿ ನೋಡದೆ ಹೊರಟುಹೋದ.