ಪೂಜೆಗೆ ಕಿತ್ತ ಡೇಲಿಯಾ

ಫಿಲಿಪ್ಪೀನ್ಸಿನ ಆ ಬೆಟ್ಟದೂರಿನಲ್ಲಿ ಹೂವಿನ ಹಬ್ಬವೆಂದರೆ ಊರಿಗೆಲ್ಲ ರಜೆ, ಕೈತೋಟಗಳಿಗೆಲ್ಲ ಸ್ಪರ್ಧೆ. ಡಾಕ್ಟರಿಕೆ ಓದುತ್ತಿದ್ದ ಮೊಮ್ಮಗಳಿಗೆ ಅಡುಗೆ ಮಾಡಿಹಾಕಲು ಬಂದಿದ್ದ ಸುಭದ್ರಮ್ಮನಿಗೆ ಈ ಸ್ಪರ್ಧೆಯ ವಿಷಯ ತಿಳಿದಿರಲಿಲ್ಲ. ಮೈಸೂರಿನಲ್ಲಿ ಮಾಡುತ್ತಿದ್ದಂತೆಯೇ ನಸುಕಿನಲ್ಲಿ ಎದ್ದು, ಮನೆಯೊಡತಿಯ ತೋಟದ ದೊಡ್ಡ ಡೇಲಿಯಾಗಳನ್ನು ಪೂಜೆಗೆಂದು ಕಿತ್ತುಬಿಟ್ಟಿದ್ದರು.

ಹಬ್ಬದ ಹಿಂದಿನ ದಿನ ಮನೆಯೊಡತಿ ನೇರ ಒಳಗೆ ಬಂದರು. ದೇವರ ಪಟದ ಮೇಲಿದ್ದ ತಮ್ಮ ಹೂಗಳನ್ನೇ ನೋಡುತ್ತ ಮೊಮ್ಮಗಳಿಗೆ ಏನೋ ಹೇಳಿದರು.

“ಅದು ಸ್ಪರ್ಧೆಗೆ ಬೆಳೆಸಿದ್ದಂತೆ ಅಜ್ಜಿ!” ಮೊಮ್ಮಗಳು ಪಿಸುಗುಟ್ಟಿದಳು.

“ಅಯ್ಯೋ ಶಿವನೇ! ತಪ್ಪಾಯ್ತು ಅಂತ ಹೇಳೇ. ಮನೆ ಮಾತ್ರ ಬಿಡಿಸ್ಬೇಡಿ ಅನ್ನು.”

ಮೊಮ್ಮಗಳು ಹೇಳಿದಳು. ಮನೆಯೊಡತಿಯ ಮುಖ ಸಡಿಲವಾಗಲಿಲ್ಲ.

“ಎಷ್ಟು ಹೊತ್ತಿಗೆ ಕಿತ್ರಿ ಅಂತ ಕೇಳ್ತಿದಾರೆ.”

“ಬೆಳಕು ಹರಿಯೋ ಮುಂಚೆ.”

“ಯಾರೂ ನೋಡ್ಲಿಲ್ವಾ ಅಂತೆ.”

“ಒಂದು ನರಪಿಳ್ಳೆಯೂ ಇರ್ಲಿಲ್ಲ ಕಣೇ.”

“ತೋಟದ ನಾಯಿ ಬೊಗಳಲಿಲ್ವಾ ಅಂತೆ.”

“ಪಾಪ, ಚಳೀಲಿ ಮುದುರಿಕೊಂಡಿತ್ತು. ಒಂದು ಚಪಾತಿ ಹಾಕ್ದೆ, ಬಾಲ ಅಲ್ಲಾಡಿಸ್ತಾ ತಿಂತು.”

ಮನೆಯೊಡತಿ ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದರು. ಆಕೆ ದನಿ ತಗ್ಗಿಸಿ ಏನೋ ಹೇಳಿದರು. ಮೊಮ್ಮಗಳು ಕಣ್ಣರಳಿಸಿದಳು.

“ಏನಂತೆ? ಸಾಮಾನು ಕಟ್ಲಾ?”

“ಎದುರುಮನೆಯವರೂ ಸ್ಪರ್ಧೆಗೆ ನಿಂತಿದಾರಂತೆ ಅಜ್ಜಿ. ನಾಳೆ ನಮ್ಮ ದೇವರಿಗೆ ಅವರ ಹೂ ಆಗುತ್ತಾ ಅಂತ ಕೇಳ್ತಿದಾರೆ.”