ಕನಸಿನಲ್ಲಿ ಕೇಳಬೇಕಾದ ಪ್ರಶ್ನೆ

ಅತ್ತೆಯ ತಟ್ಟೆ ಬಡಿಸಿದ ಹಾಗೇ ಇತ್ತು. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು.

"ಬಂದಿದ್ನಾ?" ಎಂದರು ಉಮಾಮಹೇಶ್ವರಿ.

"ಯಾರು?"

"ಇನ್ಯಾರು. ಕನಸಲ್ಲಿ."

"ಇಲ್ಲ ಅತ್ತೆ."

"ಹಂಗಾದ್ರೆ ಇದನ್ನ ಎತ್ತು."

ಅನುಪಮಾ ಎರಡೂ ತಟ್ಟೆಗಳನ್ನು ಎತ್ತಿ ಒಳಗಿಟ್ಟಳು.

ಗಂಡ ಮಲ್ಲಿಕಾರ್ಜುನನನ್ನು ಕೊತ್ತಗೆರೆಯ ಹೊಲದಲ್ಲಿ ಮಣ್ಣು ಮಾಡಿ ಹನ್ನೆರಡು ದಿನವಾಗಿತ್ತು. ಹಿರೇಹಳ್ಳಿಯ ಕಾರ್ಖಾನೆಯಿಂದ ಬರುವಾಗ ಅವನ ಬೈಕಿಗೆ ಲಾರಿ ತಗುಲಿತ್ತು. ಹನ್ನೊಂದರ ಕಾರ್ಯ ನಿನ್ನೆ ತುಮಕೂರಿನ ಈ ಮನೆಯಲ್ಲೇ ಮುಗಿಯಿತು. ಸಂಜೆ ನೆಂಟರನ್ನು ಬಸ್ಸು ಹತ್ತಿಸಿ ಬರಲು ಅತ್ತೆಯೇ ಹೋಗಿದ್ದರು. ಇವತ್ತು ಹಾಲಿನವನು ಬಂದ. ಕಸದ ಗಾಡಿ ಬಂತು. ಅನುಪಮಾಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಹಸಿದುಕೊಂಡಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಎಂಎಸ್ಸಿಯಲ್ಲಿ ಓದಿದ್ದೇ ಅದು.

"ಅವನು ಉಂಡವ್ನೋ ಇಲ್ವೋ ಗೊತ್ತಾಗೋವರ್ಗೂ ನಂಗೆ ಗಂಟಲಲ್ಲಿ ಇಳಿಯಲ್ಲ," ಎಂದರು ಅತ್ತೆ. "ಈ ವಯಸ್ಸಲ್ಲಿ ನಂಗೆ ನಿದ್ದೆನೇ ಇಲ್ಲ, ಕನಸೆಲ್ಲಿಂದ ಬೀಳ್ಬೇಕು? ನೀನು ಕೇಳಿ ಹೇಳು. ಇನ್ನೊಂದು, ಅವನ ಬ್ಯಾಗ್ ನೋಡು. ಯಾರ ಹತ್ರನಾದ್ರೂ ಏನಾದ್ರೂ ಇಸ್ಕಂಡಿದ್ರೆ ತಿಂಗಳು ತುಂಬೋದ್ರೊಳಗೆ ಕೊಟ್ಬುಡ್ಬೇಕು. ನಮ್ಮನೇಲಿ ಹಂಗೇ ನಡ್ಕಂಡು ಬಂದಿರೋದು."

ಹನ್ನೆರಡಕ್ಕೆ ಅವರು ಸೆರಗು ಹೊದ್ದು ಮಠಕ್ಕೆ ಹೊರಟರು. ಬರುವುದು ದಿನಾ ಮೂರು ಗಂಟೆಗೆ. ಅಷ್ಟು ಹೊತ್ತೂ ಗದ್ದುಗೆಯ ಮುಂದೆ ಕೂತಿರುತ್ತಾರೆಂದು ಅನುಪಮಾ ಅಂದುಕೊಂಡಳು.

ಬ್ಯಾಗಿನಲ್ಲಿ ತೆಳ್ಳಗಿನ ಪುಸ್ತಕವೊಂದಿತ್ತು. ಮಠದ ರಸ್ತೆಯ ವಾಚನಾಲಯದ್ದು. ಒಳಗಿನ ಚೀಟಿಯಲ್ಲಿ ಮಲ್ಲಿಕಾರ್ಜುನನ ಹೆಸರು. ಕನಸು ಕಾಣುತ್ತಿರುವಾಗಲೇ ಅದು ಕನಸೆಂದು ತಿಳಿದುಕೊಂಡು, ಅದರೊಳಗೆ ಬೇಕಾದ ಕಡೆ ಹೋಗುವುದು, ಬೇಕಾದವರನ್ನು ನೋಡುವುದು ಹೇಗೆ ಎಂಬುದು ಪುಸ್ತಕದ ವಿಷಯ.

ಅವನು ಪೇಪರಿನ ಕ್ರಿಕೆಟ್ ಪುಟ ಬಿಟ್ಟು ಬೇರೆ ಓದಿದವನಲ್ಲ. ಕನಸಿನಲ್ಲಿ ಅವನಿಗೆ ಯಾರನ್ನು ನೋಡಬೇಕಿತ್ತು?

ಕೆಲವು ಸಾಲುಗಳ ಕೆಳಗೆ ಪೆನ್ಸಿಲ್ ಗೆರೆಯಿತ್ತು. 'ರಾತ್ರಿ ಎಂಟಕ್ಕೆ ಊಟ ಮುಗಿಸಿ. ಖಾಲಿ ಹೊಟ್ಟೆಯ ನಿದ್ದೆಯಲ್ಲಿ ಕನಸು ನಿಲ್ಲುವುದಿಲ್ಲ.' 'ಹತ್ತಕ್ಕೆ ದೀಪ ಆರಿಸಿ.' 'ಬೆಳಗ್ಗೆ ಎದ್ದ ಕೂಡಲೇ ಕಂಡದ್ದನ್ನು ಹತ್ತಿರದವರೊಬ್ಬರಿಗೆ ಹೇಳಿ.' ಕನಸಿನಲ್ಲಿ ಹಾರುವ ಅಧ್ಯಾಯಕ್ಕೆ ಒಂದು ಗೆರೆಯೂ ಇರಲಿಲ್ಲ.

ಗುರಿ ಇಟ್ಟುಕೊಳ್ಳಬೇಕು, ಚಿಕ್ಕದಿರಬೇಕು ಎಂದಿತ್ತು ಪುಸ್ತಕ. ಅವಳು ನೋಟ್‌ಬುಕ್ಕಿನಲ್ಲಿ ಬರೆದಳು. ಮೊದಲ ವಾರ, ಕನಸು ನೆನಪಿರಬೇಕು. ಆಮೇಲೆ, ಅದು ಕನಸೆಂದು ಗೊತ್ತಾಗಬೇಕು. ಕೊನೆಗೆ ಅವನನ್ನು ಕೇಳಬೇಕು: ಊಟ ಆಯ್ತಾ?

ಎಂಟಕ್ಕೆ ಮುದ್ದೆ ನುಂಗಿದಳು, ಮಾತ್ರೆ ನುಂಗುವ ಹಾಗೆ. ಫೋನನ್ನು ಅಡುಗೆಮನೆಯಲ್ಲಿಟ್ಟಳು. ಮಲಗಿ ಗುರಿಯನ್ನು ಮೂರು ಸಲ ಹೇಳಿಕೊಂಡಳು. ಹಗಲಿನಲ್ಲಿ ಬಾಗಿಲು ದಾಟುವಾಗಲೆಲ್ಲ ಅಂಗೈ ನೋಡಿ ಬೆರಳು ಎಣಿಸಿದಳು. ಕನಸಿನಲ್ಲಿ ಲೆಕ್ಕ ತಪ್ಪುತ್ತದಂತೆ. ಪ್ರತಿ ಸಲವೂ ಐದೇ ಇದ್ದವು.

ಆರನೆಯ ಬೆಳಗ್ಗೆ ಅತ್ತೆ ಕೇಳಿದರು. "ಬಂದಿದ್ನಾ?"

"ಇಲ್ಲ. ನಮ್ಮ ಚೇಳೂರಿನ ಬಸ್ಸು ಬಂತು. ಕಂಡಕ್ಟರ್ ಟಿಕೆಟ್ ಕೊಡ್ಲಿಲ್ಲ."

"ಬಸ್ಸಾದ್ರೂ ಬಂತಲ್ಲ. ಒಂದು ಇಡ್ಲಿ ಹಾಕು. ನೀನೂ ಹಾಕ್ಕ. ಒಬ್ಳೇ ತಿನ್ನಕ್ಕೆ ನಂಗೆ ನಾಚ್ಕೆ."

ಅತ್ತೆ ತಿಂದದ್ದು ಅದೊಂದೇ. ಮರುದಿನ ಏನೂ ಕನಸು ಬೀಳಲಿಲ್ಲ. ತಟ್ಟೆ ಮತ್ತೆ ಹಾಗೇ ಉಳಿಯಿತು.

ಭಾನುವಾರ ಅಣ್ಣ ಚನ್ನೇಶ್ ಚೇಳೂರಿನಿಂದ ಬಂದ. "ಏನ್ಲೇ, ವಾಚು ಮೊಣಕೈಗಂಟ ಹೋಗ್ತೈತೆ? ನಡಿ, ಊರಿಗೆ ಹೋಗಣ."

"ಅತ್ತೆ ಉಣ್ತಿಲ್ಲ ಅಣ್ಣ. ಹೆಂಗೆ ಬಿಟ್ಟು ಬರ್ಲಿ?"

ಚನ್ನೇಶ್ ಅತ್ತೆಯನ್ನು ನೋಡಿದ. ತಂಗಿಯನ್ನು ನೋಡಿದ. ಒಬ್ಬನೇ ಬಸ್ಸಿಗೆ ಹೋದ.

ಪುಸ್ತಕ ಸಿಕ್ಕಿ ಎರಡು ವಾರ ಕಳೆದ ಮೇಲೆ ಒಂದು ಬೆಳಗಿನ ಜಾವ ಅವಳು ಕುಣಿಗಲ್ ಬಸ್ ನಿಲ್ದಾಣದಲ್ಲಿದ್ದಳು. ಜನ ಇರಲಿಲ್ಲ. ಅಂಗೈ ನೋಡಿದಳು. ಆರು ಬೆರಳು. ಇದು ಕನಸು ಎಂದುಕೊಂಡಳು, ಸಮಾಧಾನವಾಗಿ. ಅವನು ಸಿಮೆಂಟ್ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ಊಟ ಆಯ್ತಾ?"

"ಆಯ್ತು," ಎಂದ ಅವನು, ತಲೆಯೆತ್ತದೆ. "ನಿಂದು?"

ಎಚ್ಚರವಾಯಿತು. ದಿಂಬು ಒದ್ದೆಯಾಗಿತ್ತು.

ಅವಳು ಹೇಳಿದ್ದನ್ನೆಲ್ಲ ಅತ್ತೆ ಕೇಳಿಸಿಕೊಂಡರು. ಆಮೇಲೆ ತಾವೇ ಎದ್ದು ಎರಡು ತಟ್ಟೆ ಹಾಕಿದರು. ಅವಳು ಎರಡು ದೋಸೆ ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಅತ್ತೆ ತಮ್ಮದನ್ನು ಖಾಲಿ ಮಾಡಿದರು.

"ಅಷ್ಟು ಸಾಕು ಬುಡು," ಎಂದರು. "ಪುಸ್ತಕ ಕೊಟ್ಟು ಬಾ."

ವಾಚನಾಲಯದ ಅನಂತರಾಮಯ್ಯ ಕನ್ನಡಕ ಏರಿಸಿ ಚೀಟಿ ನೋಡಿದರು.

"ನಮ್ಮನೆಯವರು ತಗೊಂಡಿದ್ರು," ಎಂದಳು ಅನುಪಮಾ. "ಅವರು ಹೋಗ್ಬಿಟ್ರು. ಅದಕ್ಕೆ ತಡ ಆಯ್ತು."

ಅನಂತರಾಮಯ್ಯ ಅವಳನ್ನೇ ನೋಡಿದರು.

"ನೀವೇನಾ ಆ ಸೊಸೆ?" ಎಂದರು. "ನಿಮ್ಮ ಯಜಮಾನ್ರು ಇಲ್ಲಿಗೆ ಯಾವತ್ತೂ ಬಂದೋರಲ್ಲಮ್ಮ. ಹನ್ನೊಂದರ ಕಾರ್ಯ ಮುಗಿಸ್ಕೊಂಡು ಸಂಜೆ ನಿಮ್ಮತ್ತೆ ಬಂದು, 'ಸೊಸೆ ಊಟ ನಿದ್ದೆ ಬಿಟ್ಟವ್ಳೆ, ನಾನು ಹೇಳಿದ್ರೆ ಕೇಳಲ್ಲ, ಪುಸ್ತಕ ಹೇಳಿದ್ರೆ ಕೇಳ್ತಾಳೆ, ಮಗನ ಹೆಸರಲ್ಲಿ ಬರ್ಕೊಂಡು ಒಂದು ಕೊಡಿ' ಅಂತ ಇಸ್ಕೊಂಡು ಹೋದ್ರು. ದಿನಾ ಮಧ್ಯಾಹ್ನ ಮಠದ ದಾಸೋಹದಲ್ಲಿ ನನ್ನ ಪಕ್ಕದಲ್ಲೇ ಕೂತು ಹೊಟ್ಟೆ ತುಂಬ ಉಂಡು, ನೀವು ಎಷ್ಟು ತಿಂದ್ರಿ ಅಂತ ಹೇಳ್ತಾರೆ."